ಮಲ್ಲಿಗೆ ಮಂಡಿಯ ಫೋನಿಗೊಂದು ದನಿ

ಆಕೆ ನಮ್ಮ ಶಾಲೆಗೆ ಮೊದಲ ಸಲ ಬಂದಾಗ ನಾನು ಆಕೆಗೆ ಕಿವಿ ಕೇಳಿಸುವುದಿಲ್ಲ ಎಂದೇ ತಿಳಿದೆ. ಹಾಗೆ ತಿಳಿದದ್ದರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಹಗರಿಬೊಮ್ಮನಹಳ್ಳಿಯ ಆ ವಸತಿ ಶಾಲೆಗೆ ಬರುತ್ತಿದ್ದವರು ಒಂದೋ ಕಿವಿ ಕೇಳದ ಮಕ್ಕಳು, ಇಲ್ಲವೇ ಅವರ ಅಪ್ಪ ಅಮ್ಮ. ಈಕೆ ಹಳದಿ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಏನು ಕೇಳಿದರೂ ಬರೀ ತಲೆಯಾಡಿಸುತ್ತಿದ್ದಳು. ನಾನು ಕೈಸನ್ನೆಯಲ್ಲಿ ಯಾವೂರು ಎಂದು ಕೇಳಿದೆ, ಊಟ ಆಯಿತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡುತ್ತಿದ್ದವಳು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿಬಿಟ್ಟಳು.

"ನನಗ ಕಿವಿ ಚೊಲೋ ಕೇಳಿಸ್ತಾವ್ರಿ ಟೀಚರ್. ದನೀನ ನಂದಲ್ಲ."

ದಪ್ಪನೆಯ ಗಂಡುದನಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿದ್ದವಳು ಆಕೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಆ ಕಾಲದಲ್ಲಿ ನಮ್ಮ ಕಡೆ ಇಂಥವರಿಗೆ ಮರ್ಯಾದೆಯ ಹೆಸರೊಂದು ಇರಲಿಲ್ಲ. ಜನರ ಬಾಯಲ್ಲಿದ್ದದ್ದೆಲ್ಲ ಬೈಗುಳವೇ. ಮನೆಯವರು ಹುಲಿಗಿಯ ದೇವಿಯ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸಿ, ದೇವಿಯ ಹೆಸರಿನಲ್ಲಿ ಜೋಗತಿಯಾಗಿ ಕೊಡ ಹೊತ್ತು ಎಲ್ಲಿಯಾದರೂ ಬದುಕಿಕೋ ಎಂದಿದ್ದರಂತೆ. ಆಕೆಗೆ ಅದು ಬೇಕಿರಲಿಲ್ಲ. ಹೂವಿನಹಡಗಲಿಯ ಮಲ್ಲಿಗೆ ಮಂಡಿಯೊಂದರಲ್ಲಿ ಮೊಗ್ಗು ಆರಿಸುವ ಕೆಲಸಕ್ಕೆ ಸೇರಿ, ಲೆಕ್ಕದಲ್ಲಿ ಚುರುಕೆಂದು ಸಾಹುಕಾರರ ಕಣ್ಣಿಗೆ ಬಿದ್ದು, ಫೋನಿನ ಮುಂದೆ ಕೂರುವವರೆಗೂ ಬಂದಿದ್ದಳು. ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಆದರೆ ನಡೆದ ಕಥೆಯೆಲ್ಲ ಆ ಹೆಸರಿನದೇ.

ದಾವಣಗೆರೆ, ಹೊಸಪೇಟೆ, ಹುಬ್ಬಳ್ಳಿಯ ಹೂವಿನ ವ್ಯಾಪಾರಿಗಳು ಬೆಳಗಾಗುತ್ತಲೇ ಮಂಡಿಗೆ ಫೋನು ಮಾಡಿ ದರ ಕೇಳುತ್ತಿದ್ದರು, ಮರುದಿನ ಎಷ್ಟು ಮೊಗ್ಗು ಬೇಕೆಂದು ಹೇಳುತ್ತಿದ್ದರು. ಆಕೆ ರಿಸೀವರ್ ಎತ್ತಿ ತಾನಿಟ್ಟುಕೊಂಡ ಹೆಣ್ಣು ಹೆಸರನ್ನು ಹೇಳುತ್ತಿದ್ದಳು. ಕೆಲವರು ನಕ್ಕು ಸುಮ್ಮನಾದರು. ದಾವಣಗೆರೆಯ ದೊಡ್ಡ ವ್ಯಾಪಾರಿಯೊಬ್ಬರು ಮಾತ್ರ ಸಿಟ್ಟಿಗೆದ್ದರು. ನಿಮ್ಮ ಮಂಡಿಯಲ್ಲಿ ಯಾವನೋ ಹುಡುಗ ಹೆಂಗಸಿನ ಹೆಸರು ಹೇಳಿ ನಮ್ಮ ಜೊತೆ ತಮಾಷೆ ಮಾಡುತ್ತಾನೆ, ವ್ಯಾಪಾರ ಬೇಕೋ ತಮಾಷೆ ಬೇಕೋ ಎಂದು ಸಾಹುಕಾರರನ್ನೇ ಕೇಳಿದರು. ಸಾಹುಕಾರರು ಕೆಟ್ಟವರಲ್ಲ. ಫೋನಿನಲ್ಲಿ ಮಾತ್ರ ನಿನ್ನ ಹಳೆಯ ಹೆಸರು ಹೇಳು, ಉಳಿದಂತೆ ನಿನ್ನಿಷ್ಟ ಎಂದರು. ಆಕೆ ಒಪ್ಪಲಿಲ್ಲ. ಹಾಗಾದರೆ ಯುಗಾದಿಯ ತನಕ ನೋಡೋಣ, ಆಮೇಲೆ ಲಗ್ನದ ಸೀಜನ್ನು, ಫೋನಿಗೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಅವರು ಗಡುವು ಕೊಟ್ಟರು. ದನಿ ತಿದ್ದುವ ಟೀಚರೊಬ್ಬರು ಇಲ್ಲಿದ್ದಾರೆಂದು ಯಾರೋ ಹೇಳಿದ್ದನ್ನು ಕೇಳಿ, ತನ್ನದನ್ನು ಹೆಣ್ಣುದನಿ ಮಾಡಿಕೊಡಿ ಎಂದು ಆಕೆ ನನ್ನಲ್ಲಿಗೆ ಬಂದಿದ್ದಳು.

ಫೋನಲ್ಲದಿದ್ದರೆ ಮೊಗ್ಗು ಆರಿಸುವ ಕೆಲಸವಂತೂ ಇದೆಯಲ್ಲ ಎಂದು ನಾನು ಕೇಳಿದೆ. ಅದಕ್ಕೆ ಆಕೆ ಹೇಳಿದ ಮಾತಿಗೇ ನಾನು ಈ ಕೆಲಸಕ್ಕೆ ಕೈಹಾಕಿದ್ದು.

"ಫೋನಿನ್ಯಾಗ ನನ್ನ ಮಾರಿ ಯಾರಿಗೂ ಕಾಣಂಗಿಲ್ರಿ. ಅಲ್ಲ್ಯಾದ್ರೂ ನಾನು ನಾನಾಗಿ ಇರಬೌದು ಅಂತ ಅನಕೊಂಡಿದ್ದೆ."

ನನ್ನ ವಿದ್ಯೆ ಅಲ್ಪ. ಕೊಟ್ಟೂರಿನವಳಾದ ನಾನು ಮೈಸೂರಿಗೆ ಹೋಗಿ ಮಾತು ಕಲಿಸುವ ತರಬೇತಿ ಪಡೆದಿದ್ದೆ. ಕಿವಿ ಕೇಳದ ಮಕ್ಕಳ ಗಂಟಲಿನಿಂದ ದನಿ ಹೊರಡಿಸುವುದು, ಹೊರಟ ದನಿಯನ್ನು ಹದಕ್ಕೆ ತರುವುದು ನನ್ನ ಕೆಲಸ. ದೊಡ್ಡ ಹುಡುಗರಲ್ಲಿ ಕೆಲವರಿಗೆ ಪ್ರಾಯ ಬಂದರೂ ದನಿ ಒಡೆಯದೆ ಕೀರಲಾಗಿಯೇ ಉಳಿಯುತ್ತದೆ. ಅದನ್ನು ಕೆಳಗಿಳಿಸುವುದನ್ನು ನಾನು ಬಲ್ಲೆ. ಮೇಲೇರಿಸಿ ಎಂದು ಯಾರೂ ನನ್ನನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಆದರೆ ನನ್ನ ಹತ್ತಿರ ಒಂದು ಸಾಧನವಿತ್ತು. ವಿದೇಶದ ಧ್ವನಿ ಪಂಡಿತರು ಪುಕ್ಕಟೆಯಾಗಿ ಹಂಚುವ ತಂತ್ರಾಂಶವೊಂದನ್ನು ಮೈಸೂರಿನ ಗೆಳತಿಯೊಬ್ಬಳು ಸಿ.ಡಿ.ಗೆ ಹಾಕಿ ಕಳಿಸಿದ್ದಳು. ಮೈಕಿನ ಮುಂದೆ ಮಾತಾಡಿದರೆ ದನಿ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂಬುದನ್ನು ಅದು ಶಾಲೆಯ ಕಂಪ್ಯೂಟರಿನ ಪರದೆಯ ಮೇಲೆ ನೀಲಿ ಗೆರೆಯಾಗಿ ಎಳೆದು ತೋರಿಸುತ್ತಿತ್ತು. ಗಂಟಲಿನ ತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆ ಎಂಬ ಲೆಕ್ಕ ಅದು. ಕಂಪನ ಹೆಚ್ಚಿದಷ್ಟೂ ದನಿ ತೆಳ್ಳಗೆ, ಗೆರೆ ಮೇಲಕ್ಕೆ. ಕೇಳಿಸದ ಮಕ್ಕಳಿಗೆ ದನಿಯನ್ನು ಕಣ್ಣಿಗೆ ಕಾಣಿಸಲು ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿರಲಿಲ್ಲ.

ಆಕೆ ಮಂಡಿಯ ಕೆಲಸ ಮುಗಿಸಿ ವಾರಕ್ಕೆರಡು ಮಧ್ಯಾಹ್ನ ಹಡಗಲಿಯ ಬಸ್ಸು ಹತ್ತಿ ಬರುವುದೆಂದು ಗೊತ್ತುಮಾಡಿದೆವು. ಮೊದಲ ದಿನ ಆಕೆಯನ್ನು ಮೈಕಿನ ಮುಂದೆ ಕೂರಿಸಿ, ಮೊಗ್ಗು ಆರಿಸುವುದು ಹೇಗೆಂದು ಹೇಳು ಎಂದೆ. ಅಷ್ಟರಲ್ಲಿ ಆಕೆ ಬಾಯಿ ತೆರೆಯುವ ಮೊದಲೇ ಪರದೆಯ ತಳದಲ್ಲಿ ಒಂದು ಗೆರೆ ಹರಿಯತೊಡಗಿತು. ತಲೆಯ ಮೇಲಿನ ಫ್ಯಾನಿನ ಗುಂಯ್‌ಗುಡುವಿಕೆಯನ್ನೂ ಯಂತ್ರ ದನಿಯೆಂದೇ ಎಣಿಸುತ್ತಿತ್ತು. "ನಿಮ್ಮ ಫ್ಯಾನಿಂದೂ ನನ್ನಂಗ ಗಂಡುದನಿ ಐತಲ್ರಿ" ಎಂದು ಆಕೆ ನಕ್ಕಳು. ಫ್ಯಾನು ಆರಿಸಿದೆವು. ಬಿಸಿಲು ಏರುತ್ತಿದ್ದ ದಿನಗಳವು, ಇಬ್ಬರೂ ಬೆವರು ಒರೆಸಿಕೊಳ್ಳುತ್ತಲೇ ಕೆಲಸ ಮಾಡಿದೆವು.

ಆಕೆಯ ಮಾತಿನ ಸರಾಸರಿ ನೂರಿಪ್ಪತ್ತರ ಆಸುಪಾಸು ಬಂತು. ನನ್ನ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಹೆಂಗಸಿನ ದನಿಗೆ ಇನ್ನೂರಿಪ್ಪತ್ತು ಎಂದು ಕೊಟ್ಟಿತ್ತು. ಸರಿ, ಅದೇ ನಮ್ಮ ಗುರಿ ಎಂದೆ. ಹಣೆಗೆ ಅಂಟಿಸುವ ಟಿಕಳಿಯ ಹಾಳೆಯಿಂದ ಒಂದು ಕೆಂಪು ಟಿಕಳಿ ಕಿತ್ತು, ಪರದೆಯ ಗಾಜಿನ ಮೇಲೆ ಇನ್ನೂರಿಪ್ಪತ್ತು ಬರುವ ಎತ್ತರಕ್ಕೆ ಅಂಟಿಸಿದೆ. ಮಕ್ಕಳಿಗೂ ನಾನು ಹೀಗೆಯೇ ಮಾಡುತ್ತಿದ್ದೆ. ನೀಲಿ ಗೆರೆ ಟಿಕಳಿ ಮುಟ್ಟಿದರೆ ಚಪ್ಪಾಳೆ.

ಮೊದಲು ಬಾಯಿ ಮುಚ್ಚಿ ಮೃದುವಾಗಿ 'ಮ್' ಎನ್ನುವುದು, ಅದನ್ನು ನಿಧಾನಕ್ಕೆ ಮೇಲೇರಿಸುವುದು, ಏರಿದಲ್ಲಿಯೇ ಒಂದು ಪದ ಹೇಳುವುದು, ಆಮೇಲೆ ಎರಡು, ಆಮೇಲೆ ವಾಕ್ಯ. ನಡುನಡುವೆ ನೀರು. ಗಂಟಲು ಬಿಗಿದರೆ ಅಲ್ಲಿಗೇ ನಿಲ್ಲಿಸಬೇಕು. ಆಕೆ ಶ್ರದ್ಧೆಯವಳು. ಬಸ್ಸಿನಲ್ಲಿಯೂ ಸೆರಗು ಬಾಯಿಗಿಟ್ಟುಕೊಂಡು 'ಮ್' ಎನ್ನುತ್ತ ಬರುತ್ತಿದ್ದಳಂತೆ. ಪಕ್ಕದಲ್ಲಿ ಕೂತವರು ವಾಂತಿ ಬರುತ್ತಿದೆಯೆಂದು ತಿಳಿದು ಕಿಟಕಿಯ ಸೀಟು ಬಿಟ್ಟುಕೊಡುತ್ತಿದ್ದರು. ಒಂದು ತಿಂಗಳು ದಾಟುವಷ್ಟರಲ್ಲಿ ನೀಲಿ ಗೆರೆ ಟಿಕಳಿಯನ್ನು ಮುಟ್ಟಿತು. ಒಂದು ಸಲವಲ್ಲ, ಮಾತಿನುದ್ದಕ್ಕೂ ಅಲ್ಲಿಯೇ ಸುಳಿಯಿತು. ಇಬ್ಬರಿಗೂ ಕುಣಿಯುವಷ್ಟು ಖುಷಿ. ಅಡುಗೆಮನೆಯಿಂದ ಮಂಡಕ್ಕಿ ಮಿರ್ಚಿ ತರಿಸಿ ತಿಂದೆವು.

ಮುಂದಿನ ಸಲ ಬಂದವಳ ಮುಖ ಸಪ್ಪಗಿತ್ತು. ಮಂಡಿಯಲ್ಲಿ ಹೊಸ ದನಿಯಲ್ಲಿ ಫೋನೆತ್ತಿದ್ದಾಳೆ. ಆ ಕಡೆಯಿಂದ ಹೊಸಪೇಟೆಯ ವ್ಯಾಪಾರಿ, ಏನಪ್ಪಾ, ಸಾಹುಕಾರರಿಗೆ ಕೊಡು ಎಂದಿದ್ದಾರೆ. ಮರುದಿನವೂ ಅದೇ ಕಥೆ. ಹೀಗಾಗಲು ಸಾಧ್ಯವಿಲ್ಲ ಎಂದು ನಾನು ಯಂತ್ರದ ಪರವಾಗಿ ವಾದಕ್ಕೇ ನಿಂತೆ. ಆಕೆಯನ್ನು ಮತ್ತೆ ಮಾತಾಡಿಸಿ, ಈ ಸಲ ಗೆರೆಯನ್ನು ನೋಡುವುದು ಬಿಟ್ಟು ಪಕ್ಕದ ಅಂಕಿಯನ್ನು ನೋಡಿದೆ. ನೂರೈವತ್ತನ್ನೂ ಸರಿಯಾಗಿ ದಾಟಿರಲಿಲ್ಲ.

ಆದದ್ದು ಇಷ್ಟೇ. ಗೆರೆ ಓಡಾಡುವ ಚೌಕದ ತಳದ ಮಿತಿ ಎಪ್ಪತ್ತೈದು, ಮೇಲಿನ ಮಿತಿಯನ್ನು ನಾನು ಮೊದಲು ಐನೂರಕ್ಕೆ ಇಟ್ಟಿದ್ದೆ. ನಡುವೆ ದೊಡ್ಡ ಹುಡುಗರ ತರಗತಿಗೆಂದು ಮೇಲಿನದನ್ನು ಮುನ್ನೂರಕ್ಕೆ ಇಳಿಸಿದ್ದೆ, ಅವರ ಗೆರೆ ದೊಡ್ಡದಾಗಿ ಕಾಣಲೆಂದು. ಅಳತೆ ಬದಲಾಯಿತು, ಗಾಜಿನ ಮೇಲಿನ ಟಿಕಳಿ ಇದ್ದಲ್ಲೇ ಇತ್ತು. ಇನ್ನೂರಿಪ್ಪತ್ತೆಂದು ನಾವು ನಂಬಿದ ಜಾಗ ಬರೀ ನೂರೈವತ್ತಾಗಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ, ನಾವು ಓದಿದ್ದು ಟಿಕಳಿಯನ್ನು. ಕಿವಿಗೊಟ್ಟು ಕೇಳಿದ್ದರೆ ನನಗೆ ತಿಳಿಯುತ್ತಿತ್ತು. ಆದರೆ ಕಿವಿ ಕೇಳದ ಮಕ್ಕಳ ನಡುವೆ ವರ್ಷಗಟ್ಟಲೆ ಇದ್ದು ಇದ್ದು ನಾನೂ ದನಿಯನ್ನು ಕಣ್ಣಿನಿಂದಲೇ ಕೇಳುವವಳಾಗಿದ್ದೆ.

ಆಕೆ ನನ್ನನ್ನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಟಿಕಳಿಯನ್ನು ನಿಜವಾದ ಇನ್ನೂರಿಪ್ಪತ್ತಕ್ಕೆ ಏರಿಸಿ, ಇದನ್ನೂ ಮುಟ್ಟುತ್ತೇನೆ ಎಂದು ಹಲ್ಲುಕಚ್ಚಿ ಕೂತಳು. ಮುಟ್ಟಿದಳು ಕೂಡ, ಆದರೆ ಅದು ಮಾತಾಗಿರಲಿಲ್ಲ, ಎಳೆದು ಹಿಡಿದ ಕೀರಲು. ನಾಟಕದಲ್ಲಿ ಹೆಣ್ಣುವೇಷ ಹಾಕಿದ ಗಂಡಸರು ನಗಿಸಲೆಂದು ತೆಗೆಯುವ ದನಿಯದು. ಆಕೆಗೂ ಅದು ಗೊತ್ತಾಯಿತು, ಆದರೂ ಬಿಡಲಿಲ್ಲ. ಮಂಡಿಯಲ್ಲಿ, ಮನೆಯಲ್ಲಿ ಹಟಕ್ಕೆ ಬಿದ್ದು ಅದೇ ದನಿಯಲ್ಲಿ ಮಾತಾಡಿದಳು. ಹತ್ತು ದಿನ ಕಳೆಯುವಷ್ಟರಲ್ಲಿ ಗಂಟಲು ಊದಿಕೊಂಡು ದನಿಯೇ ಕೂತುಹೋಯಿತು. ಬರೀ ಗಾಳಿ ಹೊರಡುತ್ತಿತ್ತು. ವಾರದ ಮೌನ ಹೇಳಿದೆ. ಪಿಸುಮಾತೂ ಕೂಡದು, ಪಿಸುಮಾತಿನಿಂದ ಗಂಟಲಿಗೆ ಇನ್ನೂ ಕೇಡು ಎಂದೆ. ಸಾಹುಕಾರರು ಫೋನಿಗೆ ಬೇರೆಯವರನ್ನು ನೋಡುತ್ತಿದ್ದಾರೆಂಬ ಸುದ್ದಿ ಹಡಗಲಿಯಿಂದ ಬಂತು. ಯುಗಾದಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಮೌನ ಮುಗಿಸಿ ಬಂದ ದಿನ ಆಕೆ ಮೈಕನ್ನು ಮುಟ್ಟಲಿಲ್ಲ. ಹೊಸ ದನಿಯೂ ಇಲ್ಲ, ಹಳೆಯದೂ ಹೋಯಿತು ಎಂದು ಗೊಗ್ಗರು ಗಂಟಲಲ್ಲಿ ಹೇಳಿದಳು. ಹಾಗೆ ಮುಟ್ಟಿದರೆ ಆಗುವುದಿಲ್ಲ, ಹೀಗೆ ಏರಬೇಕು ಎಂದು ನಾನು ಏನೇನೋ ಹೇಳುತ್ತಿದ್ದೆ. ಆಕೆ ನನ್ನ ಬಾಯಿಯನ್ನೇ ನೋಡುತ್ತ ಕೇಳಿದಳು.

"ಟೀಚರ್, ನಿಮ್ದು ಎಷ್ಟೈತ್ರಿ?"

ನನ್ನದು? ಅಷ್ಟು ವರ್ಷ ಆ ಯಂತ್ರದ ಮುಂದೆ ಕೂತವಳು ನಾನು, ಒಂದು ದಿನವೂ ನನ್ನ ದನಿಯನ್ನು ಅಳೆದಿರಲಿಲ್ಲ. ಅಳೆಯುವುದೇನಿದೆ, ನಾನು ಹೆಂಗಸು. ಮೈಕನ್ನು ನನ್ನ ಕಡೆ ತಿರುಗಿಸಿಕೊಂಡು ಕೊಟ್ಟೂರಿನ ನಮ್ಮ ಓಣಿಯ ಬಗ್ಗೆ ಒಂದೆರಡು ನಿಮಿಷ ಮಾತಾಡಿದೆ. ನೂರೆಪ್ಪತ್ತು ಬಂತು. ಟಿಕಳಿಗಿಂತ ಎಷ್ಟೋ ಕೆಳಗೆ ನನ್ನ ಗೆರೆ ಹರಿದಿತ್ತು. ಮಕ್ಕಳೆದುರು ದಿನವಿಡೀ ಕೂಗಿ ಕೂಗಿ, ವಯಸ್ಸೂ ನಲವತ್ತು ದಾಟಿ, ನನ್ನ ದನಿ ಯಾವಾಗ ಇಳಿದಿತ್ತೋ ನನಗೇ ತಿಳಿದಿರಲಿಲ್ಲ. ಇಷ್ಟಾದರೂ ನನ್ನನ್ನು ಯಾರೂ ಏನಪ್ಪಾ ಎಂದು ಕರೆದಿರಲಿಲ್ಲ. ಮೊದಲು ನನಗೆ ಮುಜುಗರವಾಯಿತು, ಆಮೇಲೆ ಇಬ್ಬರೂ ನಕ್ಕೆವು. ಶಾಲೆಯ ಅಡುಗೆಯಾಕೆಯನ್ನು ಕರೆದು ಅವರನ್ನೂ ಅಳೆದೆವು, ಅವರು ನನಗಿಂತಲೂ ಕೆಳಗಿದ್ದರು.

ಆ ಭಾನುವಾರ ನಾನು ಟೇಪ್ ರೆಕಾರ್ಡರ್ ಹಿಡಿದು ಹಡಗಲಿಗೇ ಹೋದೆ. ಮಂಡಿಯಲ್ಲಿ ಮೊಗ್ಗು ಆರಿಸುವವರು, ಹೂವು ಕಟ್ಟುವವರು, ಬಸ್ ನಿಲ್ದಾಣದ ಎದುರು ಮೊಳ ಹಾಕಿ ಮಾರುವವರು, ಒಪ್ಪಿದವರೆಲ್ಲರ ಮಾತನ್ನು ಹಿಡಿದುಕೊಂಡೆ. ಯಾಕೆಂದು ಕೇಳಿದವರಿಗೆ ಹೆಂಗಸರ ದನಿ ಅಳೆಯುತ್ತಿದ್ದೇನೆ ಎಂದೆ. ಅಳೆದು ಏನು ಮಾಡುತ್ತೀರಿ, ಹೇಗೂ ಗಂಡಸರು ಕೇಳುವುದಿಲ್ಲ ಎಂದು ಒಬ್ಬಾಕೆ ನಗಿಸಿದಳು. ಶಾಲೆಗೆ ತಂದು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ನೋಡಿದರೆ ಎಳೆಯ ಹುಡುಗಿಯರು ಮಾತ್ರ ಪುಸ್ತಕದ ಅಂಕಿಯ ಹತ್ತಿರವಿದ್ದರು. ವಯಸ್ಸಾದ, ಕೂಗಿ ಮಾರುವ, ನಾಲ್ಕು ಜನರನ್ನು ಗದರಿಸಿ ಬಾಳುವ ಹೆಂಗಸರೆಲ್ಲ ನೂರಾ ಅರವತ್ತು, ನೂರೆಂಬತ್ತರಲ್ಲೇ ಸುಖವಾಗಿದ್ದರು. ಆದರೂ ಅವರ ದನಿ ಹೆಂಗಸರದೇ. ದನಿಯ ಎತ್ತರದಲ್ಲಿಲ್ಲದ ಏನೋ ಅವರ ಮಾತಿನಲ್ಲಿತ್ತು.

ಆಗ ನಾನು ಒಂದು ನಿರ್ಧಾರ ಮಾಡಿದೆ. ಟಿಕಳಿಯನ್ನು ಉಗುರಿನಿಂದ ಕೆರೆದು ತೆಗೆದೆ. ಗುರಿ ನೂರಾ ಅರವತ್ತೈದು, ಹೆಚ್ಚೆಂದರೆ ನೂರೆಪ್ಪತ್ತು, ಇಡೀ ಬೆಳಗಿನ ವ್ಯಾಪಾರ ಮುಗಿಯುವವರೆಗೂ ಗಂಟಲು ನೋಯದೆ ನಿಲ್ಲುವಷ್ಟು. ಅದಕ್ಕಿಂತ ಮೇಲೆ ಬೇಡವೇ ಬೇಡ. ಇನ್ನು ಪರದೆಯನ್ನು ನೋಡುತ್ತ ಮಾತಾಡುವುದಿಲ್ಲ. ಮಾತಾಡಿ ಮುಗಿಸಿ, ಮೊದಲು ಕಿವಿಯಿಂದ ಕೇಳಿ, ಕೊನೆಗೆ ಗೆರೆ ನೋಡುವುದು. ಇಷ್ಟು ತಡವಾಗಿ ದಾರಿ ಬದಲಿಸುವುದೆಂದರೆ ಇದ್ದ ಸಮಯವನ್ನೂ ಕಳೆದುಕೊಂಡಂತೆ ಎಂಬ ಭಯ ನನಗಿತ್ತು. ಆಕೆಗೆ ಅದನ್ನು ಮುಚ್ಚಿಡದೆ ಹೇಳಿದೆ. ಹೇಗೂ ಹೋಗುವುದು ನನ್ನ ಕೆಲಸವಲ್ಲವೇ, ಬದಲಿಸಿ ಎಂದಳು.

ಇನ್ನೊಂದು ವಿಷಯ ಆ ಹೊತ್ತಿಗೆ ನನಗೆ ಹೊಳೆದಿತ್ತು, ತರಬೇತಿಯಲ್ಲಿ ಓದಿ ಮರೆತದ್ದು. ಟೆಲಿಫೋನ್ ತಂತಿ ದನಿಯ ತಳದ ಭಾಗವನ್ನು ಸಾಗಿಸುವುದೇ ಇಲ್ಲ. ನಾವು ಅಷ್ಟು ದಿನ ಅಳೆದ ಆ ಮೂಲ ಕಂಪನವೇ ಆ ಕಡೆಗೆ ನೇರವಾಗಿ ಹೋಗುವುದಿಲ್ಲ. ಮೇಲಿನ ಭಾಗ ಕೇಳಿ, ಉಳಿದದ್ದನ್ನು ಕಿವಿ ಊಹಿಸಿಕೊಳ್ಳುತ್ತದೆ. ಹಾಗಿದ್ದ ಮೇಲೆ ದನಿ ಎಲ್ಲಿ ಮೊಳಗುತ್ತದೆ, ಎದೆಯಲ್ಲೋ ಹಲ್ಲಿನ ಹಿಂದೆಯೋ ಎಂಬುದೇ ಮುಖ್ಯ. ಅದನ್ನು ನಮ್ಮ ನೀಲಿ ಗೆರೆ ತೋರಿಸುತ್ತಿರಲಿಲ್ಲ. ನಾಲಿಗೆಯನ್ನು ಸ್ವಲ್ಪ ಮುಂದಿಟ್ಟು, ತುಟಿಯಂಚಿನಲ್ಲಿ ನಗು ಇಟ್ಟುಕೊಂಡು ಮಾತಾಡುವುದನ್ನು ರೂಢಿ ಮಾಡಿಸಿದೆ. ನಗುತ್ತ ಮಾತಾಡಿದರೆ ದನಿ ತಾನೇ ತಿಳಿಯಾಗುತ್ತದೆ.

ಉಳಿದಿದ್ದು ಕೂಗು. ನಮ್ಮ ಕಡೆ ದೂರದೂರಿನ ಫೋನೆಂದರೆ ಕೂಗಿಯೇ ಮಾತಾಡಬೇಕು, ಊರು ದೂರವಿದ್ದಷ್ಟೂ ದನಿ ಜೋರು. ಮೈಕಿನ ಮುಂದೆ ಮೆಲ್ಲಗೆ ಚೆನ್ನಾಗಿ ಮಾತಾಡಿದವಳು, ಹುಬ್ಬಳ್ಳಿಯ ಫೋನು ಬಂದ ಕೂಡಲೇ ಎದೆಯಿಂದ ಹಲೋ ಎಂದು ಕೂಗಿ ಎಲ್ಲ ಕಳೆದುಕೊಳ್ಳುತ್ತಿದ್ದಳು. ಹಾಗಾಗಿ ನಾವು ಪಾಠವನ್ನು ಶಾಲೆಯಿಂದ ಮಂಡಿಗೇ ಸಾಗಿಸಿದೆವು. ಒಳಕೋಣೆಯಲ್ಲಿ ಸಾಹುಕಾರರ ಪ್ಯಾರಲಲ್ ಫೋನು ಇತ್ತು, ಹೊರಗಿನ ಮಾತೆಲ್ಲ ಅದರಲ್ಲಿ ಕೇಳಿಸುತ್ತಿತ್ತು. ಸಾಹುಕಾರರ ಅಪ್ಪಣೆ ಪಡೆದು, ಕೊಟ್ಟೂರಿನಿಂದ ಮಂಡಿಗೆ ಫೋನು ಮಾಡಲು ನನ್ನ ತಂಗಿಗೆ ಹೇಳಿ, ಹೊರಗೆ ಫೋನೆತ್ತಿದ ಆಕೆ ಆಡಿದ ಮಾತನ್ನು ಒಳಗಿನ ರಿಸೀವರಿನಿಂದಲೇ ಟೇಪಿಗೆ ಹಿಡಿದೆವು. ತಂತಿಯೊಳಗೆ ಹಾದ ತನ್ನ ದನಿಯನ್ನು ಆಕೆ ಮೊದಲ ಸಲ ಕೇಳಿದ್ದು ಆಗಲೇ. ಕೂಗಿದಲ್ಲಿ ಗಂಡಸು, ಕೂಗದಲ್ಲಿ ಹೆಂಗಸು. ಬೇರೆ ವಿವರಣೆ ಬೇಕಾಗಲಿಲ್ಲ. ರಿಸೀವರನ್ನು ತುಟಿಯ ಹತ್ತಿರ ಹಿಡಿದು ಮೆಲ್ಲಗೆ ಮಾತಾಡುವುದನ್ನು ಆಕೆ ಆ ವಾರದಲ್ಲೇ ಕಲಿತಳು. ಕೇಳಿಸುವುದಿಲ್ಲ ಎಂದು ಆ ಕಡೆಯವರು ಕೂಗಿದರೂ ತಾನು ಕೂಗಲಿಲ್ಲ.

ಯುಗಾದಿ ಆಯಿತು. ಬೇವುಬೆಲ್ಲದ ಮರುದಿನ ಸಾಹುಕಾರರು ನನಗೇ ಹೇಳಿಕಳಿಸಿದರು, ಬೆಳಿಗ್ಗೆ ಬಂದು ನೀವೂ ಕೇಳಿ, ಆಮೇಲೆ ನನ್ನನ್ನು ದೂರಬೇಡಿ ಎಂದು. ಹೋದೆ. ಮಂಡಿಯ ತುಂಬ ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಗಳು, ಮೊದಲ ಬಸ್ಸಿಗೆ ಹೊರಡಲು ಸಿದ್ಧವಾಗಿದ್ದವು. ಫೋನಿಗೆಂದು ಗೊತ್ತುಮಾಡಿದ ಯುವಕನೊಬ್ಬ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದ. ಸಾಹುಕಾರರು ನನ್ನನ್ನು ಒಳಕೋಣೆಗೆ ಕರೆದೊಯ್ದು ಪ್ಯಾರಲಲ್ ಫೋನನ್ನು ನನ್ನ ಕೈಗೆ ಕೊಟ್ಟು, ತಾವೂ ಕಿವಿ ಹತ್ತಿರ ತಂದು ನಿಂತರು.

"ನೋಡ್ರಿ ಬಾಯಾರ, ನನಗ ಆಕಿ ಮ್ಯಾಲೆ ಸಿಟ್ಟಿಲ್ಲ. ದಾವಣಗೆರಿಯವರು ಇವತ್ತು ಏನಂತಾರ, ಅದರ ಮ್ಯಾಲೆ ಐತಿ."

ಹೊಸಪೇಟೆಯ ಫೋನು ಬಂತು. ಆ ಮನುಷ್ಯ ಆಕೆಯನ್ನು ಏನೆಂದೂ ಕರೆಯದೆ ದರ ಕೇಳಿ ಇಟ್ಟುಬಿಟ್ಟರು. ಸಾಹುಕಾರರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಫೋನು ಮತ್ತೆ ರಿಂಗಾಯಿತು. ಆಕೆ ರಿಸೀವರ್ ಎತ್ತಿ ಮಂಡಿಯ ಹೆಸರು ಹೇಳಿ, ಆಮೇಲೆ ತನ್ನ ಹೆಸರು ಹೇಳಿದಳು, ಮೆಲ್ಲಗೆ, ಕೂಗದೆ. ದಾವಣಗೆರೆಯವರು ದರ ಕೇಳಿದರು. ಆಕೆ ಹೇಳಿದಳು. ಜಾಸ್ತಿಯಾಯಿತು ಎಂದು ಅವರು ಚೌಕಾಸಿಗೆ ಇಳಿದರು, ಆಕೆ ಜಗ್ಗಲಿಲ್ಲ. ಮಾತಿನ ಭರದಲ್ಲಿ ಒಂದೆರಡು ಕಡೆ ದನಿ ಕೆಳಗೆ ಜಾರಿದ್ದು ನನ್ನ ಕಿವಿಗೆ ಬಿತ್ತು. ಆಕೆ ನಿಲ್ಲಿಸಲಿಲ್ಲ, ಜಾರಿದ್ದನ್ನು ಮುಂದಿನ ಮಾತಿನಲ್ಲಿ ಹಿಡಿದುಕೊಂಡಳು. ಕೊನೆಗೆ ಅವರೇ ಸೋತು ದರಕ್ಕೆ ಒಪ್ಪಿದರು. ಆಮೇಲೆ ಫೋನು ಇಡುವ ಬದಲು ಒಂದು ಮಾತು ಕೇಳಿದರು.

"ಅಲ್ಲಮ್ಮ, ಮೊದ್ಲು ನಿನ್ನ ಹೆಸ್ರು ಹೇಳ್ಕೊಂಡು ತಮಾಷೆ ಮಾಡ್ತಿದ್ನಲ್ಲ ಒಬ್ಬ ಹುಡುಗ, ಅವನೆಲ್ಲಿಗೆ ಹೋದ?"

ತಂತಿಯಲ್ಲಿ ಬರೀ ಗೊರಗೊರ ಸದ್ದು. ಹೊರಗಿನ ಕೋಣೆಯಲ್ಲಿ ಆಕೆ ಗಂಟಲು ಸರಿಮಾಡಿಕೊಳ್ಳಲಿಲ್ಲ, ಅವಸರವನ್ನೂ ಮಾಡಲಿಲ್ಲ.

"ಅಂವ ಬಿಟ್ಟು ಹೋದನ್ರಿ" ಎಂದಳು. "ಇನ್ನ ಬರಂಗಿಲ್ಲ. ನಾಳೀಗೆ ಎಷ್ಟು ಕೆಜಿ ಬರಕೊಳ್ಳಲಿ?"